ಸುಮ್ನೆ ಕೂರಲು ಒಂದಿಷ್ಟು ಜಾಗ ಕೊಡಿ

ಮಾನ್ಯ ಸಂಪಾದಕರೇ,

ಏಕಾಂತ ಬೇಕಾದರೆ ಮನೆ ಬಿಟ್ಟು ದೂರ ಹೋಗಬೇಕು, ದುಡ್ಡು ಕಟ್ಟಿ ಶಿಬಿರ ಸೇರಬೇಕು ಎಂದು ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಮೊನ್ನೆ ಮಾತು ಬಂತು. ನನಗೆ ಒಪ್ಪಿಗೆಯಾಗಲಿಲ್ಲ.

ರಮಣ ಮಹರ್ಷಿಗಳು 1896ರಲ್ಲಿ, ಇನ್ನೂ 16 ವರ್ಷದ ಹುಡುಗನಾಗಿದ್ದಾಗ ಮನೆ ಬಿಟ್ಟು ತಿರುವಣ್ಣಾಮಲೈಗೆ ಬಂದದ್ದು ನಿಜ. ಅಲ್ಲಿನ ಅರುಣಾಚಲ ಬೆಟ್ಟದ ವಿರೂಪಾಕ್ಷ ಗುಹೆಯಲ್ಲಿ ವರ್ಷಗಟ್ಟಲೆ ಇದ್ದರು. ಆದರೆ ಸಂಸಾರಸ್ಥರು ಬಂದು, ಸನ್ಯಾಸ ತೆಗೆದುಕೊಳ್ಳಲೇ ಎಂದು ಕೇಳಿದರೆ ಅವರು ಹೂಂ ಎನ್ನುತ್ತಿರಲಿಲ್ಲ. ಕಾಡಿಗೆ ಹೋದರೂ ಮನಸ್ಸು ಜೊತೆಗೇ ಬರುತ್ತದೆ, ಅಲ್ವಾ? ‘ನಾನು ಯಾರು’ ಎಂದು ಇದ್ದಲ್ಲೇ ವಿಚಾರ ಮಾಡಿ ಎನ್ನುತ್ತಿದ್ದರು.

ನನಗೆ ಜಾಸ್ತಿ ಧೈರ್ಯ ಕೊಡುವುದು ಅವರ ತಾಯಿ ಅಳಗಮ್ಮಾಳ್. ಕೊನೆಯ ವರ್ಷಗಳಲ್ಲಿ ಮಗನ ಬಳಿಗೇ ಬಂದು, ಬೆಟ್ಟದ ಮೇಲಿನ ಸ್ಕಂದಾಶ್ರಮದಲ್ಲಿ ಎಲ್ಲರಿಗೂ ಅಡುಗೆ ಮಾಡಿ ಬಡಿಸಿದರು. 1922ರಲ್ಲಿ ತೀರಿಕೊಂಡಾಗ, ಅಮ್ಮನಿಗೆ ಮುಕ್ತಿಯಾಯಿತು ಎಂದು ಮಗನೇ ಹೇಳಿದರು. ಇಂದಿನ ರಮಣಾಶ್ರಮ ಬೆಳೆದದ್ದು ಆಕೆಯ ಸಮಾಧಿಯ ಸುತ್ತಲೇ. ಒಲೆ ಮುಂದೆ ನಿಂತವಳಿಗೂ ದಾರಿ ಇದೆ ಎಂದಾಯಿತಲ್ಲ!

ಆದರೆ ನಮ್ಮಂಥ ಎರಡು ಕೋಣೆಯ ಮನೆಯಲ್ಲಿ ಟಿವಿ, ಕುಕ್ಕರ್, ಮಕ್ಕಳ ಪಾಠ ಎಲ್ಲ ಒಟ್ಟಿಗೇ ನಡೆಯುತ್ತವೆ. ಅರ್ಧ ಗಂಟೆ ಕಣ್ಣು ಮುಚ್ಚಿ ಕೂತರೆ ‘ಏನಾಯ್ತು, ಹುಷಾರಿಲ್ವಾ?’ ಎಂಬ ಪ್ರಶ್ನೆ ಬೇರೆ. ಊರಿನ ದೇವಸ್ಥಾನಗಳ ಸಮಿತಿಯವರಲ್ಲಿ ನನ್ನ ಕೋರಿಕೆ ಇಷ್ಟೇ: ಮಧ್ಯಾಹ್ನ ಗರ್ಭಗುಡಿ ಮುಚ್ಚಿದ್ದರೂ ಹೊರಗಿನ ಮಂಟಪ ತೆರೆದಿಡಿ. ಆ ಹೊತ್ತಲ್ಲಿ ಮೈಕ್ ಬೇಡ. ಒಂದು ಫ್ಯಾನ್, ಕುಡಿಯುವ ನೀರು ಇದ್ದರೆ ಸಾಕು.

– ಒಬ್ಬ ಗೃಹಿಣಿ, ತುಮಕೂರು