ಕಾಗದದ ಕ್ಯೂಎಸ್‌ಎಲ್ ಕಾರ್ಡನ್ನು ಕೈಬಿಡುವ ಮುನ್ನ

ಮಾನ್ಯ ಸಂಪಾದಕರೇ,

ಹ್ಯಾಮ್ ರೇಡಿಯೊ ಹವ್ಯಾಸಿಗಳು ತಮ್ಮ ನಡುವೆ ಸಂಪರ್ಕ ನಡೆದದ್ದಕ್ಕೆ ಪುರಾವೆಯಾಗಿ ಕಳಿಸಿಕೊಳ್ಳುವ ಕ್ಯೂಎಸ್‌ಎಲ್ ಕಾರ್ಡಿನ ಕಾಲ ಮುಗಿಯಿತು, ದೃಢೀಕರಣವೆಲ್ಲ ಇನ್ನು ಕಂಪ್ಯೂಟರಿನಲ್ಲೇ ನಡೆದರೆ ಸಾಕು ಎಂಬ ಮಾತು ಹವ್ಯಾಸಿಗಳ ಬಾಯಿಂದಲೇ ಕೇಳಿಬರುತ್ತಿದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯದರ ಮೇಲಿನ ಮೋಹ ಇದಕ್ಕೆ ಕಾರಣವಲ್ಲ. ಕಾರ್ಡು ಮಾಡುವ ಕೆಲಸವನ್ನು ಗಣಕದ ದಾಖಲೆ ಪೂರ್ತಿಯಾಗಿ ಮಾಡುತ್ತಿಲ್ಲ ಎಂಬುದೇ ಕಾರಣ.

ಸುಮಾರು 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲದ ಈ ಕಾರ್ಡಿನಲ್ಲಿ ಕಳಿಸುವವರ ಕರೆ ಸಂಕೇತ, ಅಂದರೆ ಅವರ ನಿಲಯವನ್ನು ಗುರುತಿಸುವ ಅಕ್ಷರ ಮತ್ತು ಅಂಕಿಗಳು, ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಯಾರೊಡನೆ ಸಂಪರ್ಕವಾಯಿತೋ ಅವರ ಕರೆ ಸಂಕೇತ, ದಿನಾಂಕ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಲೆಕ್ಕದ ವೇಳೆ, ಬಳಸಿದ ಬ್ಯಾಂಡ್ (ತರಂಗಾಂತರದ ಪಟ್ಟಿ), ನಡೆದದ್ದು ಮೋರ್ಸ್‌ನಲ್ಲೋ ಧ್ವನಿಯಲ್ಲೋ ಎಂಬ ವಿವರ ಮತ್ತು ಸಿಗ್ನಲ್ ಹೇಗೆ ಕೇಳಿಸಿತು ಎಂಬುದನ್ನು ತಿಳಿಸುವ 599ರಂಥ ಒಂದು ಅಂಕಿ, ಇವಿಷ್ಟನ್ನು ಸಾಮಾನ್ಯವಾಗಿ ಕೈಯಲ್ಲೇ ತುಂಬುತ್ತಾರೆ. ಬರೆಯುವಾಗ ಒಂದಂಕಿ ತಪ್ಪಿದರೂ ಅದರ ಮೇಲೆ ತಿದ್ದದೆ ಹೊಸ ಕಾರ್ಡನ್ನೇ ತೆಗೆದುಕೊಳ್ಳುವುದು ಬಲ್ಲವರ ರೂಢಿ. ನೂರು ದೇಶ ಅಥವಾ ಪ್ರದೇಶಗಳೊಡನೆ ಸಂಪರ್ಕ ಸಾಧಿಸಿದವರಿಗೆ ಅಮೆರಿಕನ್ ರೇಡಿಯೊ ರಿಲೇ ಲೀಗ್ ನೀಡುವ ಡಿಎಕ್ಸ್‌ಸಿಸಿ ಪ್ರಶಸ್ತಿಗೆ ತಿದ್ದಿದ ಕಾರ್ಡು ನಡೆಯುವುದಿಲ್ಲ. ಹವ್ಯಾಸದ ಚೀಟಿಯೊಂದಕ್ಕೆ ಇಷ್ಟು ಬಿಗಿಯೇ ಎಂದು ಹೊರಗಿನವರು ನಗಬಹುದು, ಆದರೆ ಈ ಬಿಗಿಯಿಂದಲೇ ಅದಕ್ಕೆ ದಾಖಲೆಯ ಬೆಲೆ ಬಂದಿದೆ.

ಗಣಕದ ಪರವಾಗಿ ಹೇಳಬೇಕಾದದ್ದೂ ಇದೆ. ಅದೇ ಲೀಗ್ 2003ರಲ್ಲಿ ಆರಂಭಿಸಿದ ಲಾಗ್‌ಬುಕ್ ಆಫ್ ದಿ ವರ್ಲ್ಡ್ ಎಂಬ ಅಂತರ್ಜಾಲ ವ್ಯವಸ್ಥೆಯಲ್ಲಿ ಇಬ್ಬರೂ ಡಿಜಿಟಲ್ ಸಹಿಯೊಂದಿಗೆ ತಮ್ಮ ತಮ್ಮ ಲಾಗ್, ಅಂದರೆ ಸಂಪರ್ಕಗಳ ದಾಖಲೆ, ಸೇರಿಸುತ್ತಾರೆ. ಎರಡೂ ತಾಳೆಯಾದರೆ ಸಂಪರ್ಕ ದೃಢಪಟ್ಟಂತೆ. ಅಂಚೆಯ ಖರ್ಚಿಲ್ಲ, ಹವ್ಯಾಸಿ ಸಂಘಗಳು ಕಾರ್ಡುಗಳನ್ನು ಒಟ್ಟುಗೂಡಿಸಿ ರವಾನಿಸಲು ನಡೆಸುವ ಬ್ಯೂರೊ ಮೂಲಕ ಕಳಿಸಿದ ಕಾರ್ಡು ದೇಶದಿಂದ ದೇಶಕ್ಕೆ ವಿಂಗಡಣೆಯಾಗುತ್ತ ಬಂದು ಸೇರುವುದಕ್ಕೆ ವರ್ಷಗಟ್ಟಲೆ ಕಾಯಬೇಕಿಲ್ಲ. 2017ರಲ್ಲಿ ಬಂದ, ಗಣಕವೇ ಸಂದೇಶ ಕಳಿಸಿ ಓದುವ ಎಫ್‌ಟಿ8 ವಿಧಾನದಲ್ಲಿ 15 ಸೆಕೆಂಡಿಗೊಂದು ಸರದಿಯಂತೆ ಸಂದೇಶಗಳು ಹೋಗಿ ಬರುತ್ತವೆ, ಒಂದೆರಡು ನಿಮಿಷದಲ್ಲಿ ಸಂಪರ್ಕ ಮುಗಿಯುತ್ತದೆ. ಅಂಥ ಒಂದೊಂದಕ್ಕೂ ಕಾರ್ಡು ಬರೆಯಿರಿ ಎಂದು ಯಾರನ್ನೂ ಒತ್ತಾಯಿಸುವಂತಿಲ್ಲ.

ಆದರೆ 2024ರ ಮೇ ತಿಂಗಳಲ್ಲಿ ಏನಾಯಿತು ಎಂಬುದನ್ನು ಮರೆಯಬಾರದು. ಸೈಬರ್ ದಾಳಿಗೆ ಲೀಗಿನ ಗಣಕ ಜಾಲ ತುತ್ತಾಗಿ, ಲಾಗ್‌ಬುಕ್ ಆಫ್ ದಿ ವರ್ಲ್ಡ್ ಜುಲೈ ಆರಂಭದವರೆಗೆ ಮುಚ್ಚಿಕೊಂಡಿತು. ದಾಖಲೆಗಳು ಹಾಳಾಗಲಿಲ್ಲ, ನಿಜ. ಆದರೂ ಜಗತ್ತಿನ ಹವ್ಯಾಸಿಗಳೆಲ್ಲ ಅಷ್ಟೂ ವಾರ ಒಂದೇ ಬಾಗಿಲು ತೆರೆಯುವುದನ್ನು ಕಾಯುತ್ತ ಕೂರಬೇಕಾಯಿತು. ಕಾರ್ಡುಗಳಿಗೆ ಈ ತೊಂದರೆಯಿಲ್ಲ. ಒಬ್ಬರ ಪೆಟ್ಟಿಗೆ ಸುಟ್ಟುಹೋದರೂ, ಅವರು ಬೇರೆಯವರಿಗೆ ಬರೆದು ಕಳಿಸಿದ ಕಾರ್ಡುಗಳು ಎಷ್ಟೋ ದೇಶಗಳ ಮನೆಗಳಲ್ಲಿ ಉಳಿದಿರುತ್ತವೆ.

ಗಣಕದ ಸಾಲಿನಲ್ಲಿ ಹಿಡಿಸದ ಸಂಗತಿಗಳೂ ಕಾರ್ಡಿನಲ್ಲಿರುತ್ತವೆ. ನನಗೆ ಬಂದ ಒಂದರ ಅಂಚಿನಲ್ಲಿ, ಹತ್ತು ವ್ಯಾಟ್, ಕಿಟಕಿಯಿಂದ ಮರಕ್ಕೆ ಕಟ್ಟಿದ ತಂತಿ, ಮಳೆ ಬಂದಾಗ ಚೆನ್ನಾಗಿ ಕೆಲಸ ಮಾಡುವುದಿಲ್ಲ ಎಂದು ಪೆನ್ಸಿಲಿನಲ್ಲಿ ಬರೆದಿದೆ. ಆ ನಿಲಯದ ಬಗ್ಗೆ ಇದಕ್ಕಿಂತ ಉಪಯುಕ್ತವಾದ ವಿವರ ಯಾವ ಲಾಗಿನಲ್ಲೂ ಸಿಗದು. ಟಿಬೆಟ್ ಸರ್ಕಾರದ ರೇಡಿಯೊ ಕೆಲಸದಲ್ಲಿದ್ದ ಬ್ರಿಟಿಷರಾದ ರಾಬರ್ಟ್ ಫೋರ್ಡ್ ಅವರು 1950ರ ಸುಮಾರಿಗೆ ಅಲ್ಲಿಂದ ಎಸಿ4ಆರ್‌ಎಫ್ ಎಂಬ ಸಂಕೇತದಲ್ಲಿ ನಡೆಸಿದ ಸಂಪರ್ಕಗಳ ಕಾರ್ಡುಗಳು, ಪೂರ್ವ ಜರ್ಮನಿ ಮತ್ತು ಚೆಕೊಸ್ಲೊವಾಕಿಯಾ ಎಂಬ ಹೆಸರುಗಳು ಭೂಪಟದಲ್ಲಿದ್ದಾಗ ಅಲ್ಲಿನ ಹವ್ಯಾಸಿಗಳು ಕಳಿಸಿದ ಕಾರ್ಡುಗಳು, ಇವನ್ನೆಲ್ಲ ಇಂದು ಸಂಗ್ರಾಹಕರು ಜೋಪಾನ ಮಾಡುತ್ತಿರುವುದು ಬರಿಯ ಅಂಕಿಗಳಿಗಾಗಿ ಅಲ್ಲ.

ಪರವಾನಗಿಯಿಲ್ಲದೆ ಕೇವಲ ಆಲಿಸುವವರನ್ನಂತೂ ಈ ಚರ್ಚೆಯಲ್ಲಿ ಯಾರೂ ನೆನೆಯುತ್ತಿಲ್ಲ. ಶಾರ್ಟ್‌ವೇವ್ ಕೇಳುಗರು ತಾವು ಕೇಳಿದ ಸಂಪರ್ಕದ ವಿವರವನ್ನು ನಿಲಯಕ್ಕೆ ಬರೆದು ಕಳಿಸಿ, ಉತ್ತರವಾಗಿ ಕಾರ್ಡು ಪಡೆಯುವುದು ಬಹಳ ಹಿಂದಿನಿಂದ ಬಂದ ಪದ್ಧತಿ. ಲಾಗ್‌ಬುಕ್ ಆಫ್ ದಿ ವರ್ಲ್ಡ್‌ನಲ್ಲಿ ಇವರಿಗೆ ಜಾಗವಿಲ್ಲ. ಮುಂದೆ ಪರೀಕ್ಷೆ ಬರೆದು ಹವ್ಯಾಸಿಗಳಾಗುವವರಲ್ಲಿ ಅನೇಕರು ಹೀಗೆ ಕಿವಿಗೊಟ್ಟು ಕಲಿತವರೇ ಆಗಿರುವಾಗ ಅವರ ಪತ್ರಕ್ಕೆ ಮೌನವೇ ಉತ್ತರವಾಗುವುದು ಸರಿಯಲ್ಲ.

ಆದ್ದರಿಂದ ಹವ್ಯಾಸಿ ಮಿತ್ರರಲ್ಲಿ ನನ್ನ ಕೋರಿಕೆ ಚಿಕ್ಕದು. ಒಬ್ಬರೊಡನೆ ಮೊದಲ ಸಲ ಸಂಪರ್ಕವಾದಾಗ, ಯಾರಾದರೂ ಕೇಳಿದಾಗ ಮತ್ತು ಕೇಳುಗರ ವರದಿ ಬಂದಾಗಲಾದರೂ ಕಾರ್ಡು ಕಳಿಸಿ. ಅವಸರವಿಲ್ಲದಿದ್ದರೆ ಬ್ಯೂರೊ ಮೂಲಕವೇ ಸಾಕು. ನೇರವಾಗಿ ಕೇಳುವವರು ಸ್ವವಿಳಾಸದ ಲಕೋಟೆಯನ್ನೂ ಮರು ಅಂಚೆಯ ಖರ್ಚನ್ನೂ ಜೊತೆಗಿಡುವುದು ಮರ್ಯಾದೆ. ಲಕೋಟೆಯ ಹೊರಗೆ ಕರೆ ಸಂಕೇತ ಬರೆಯದಿರುವುದು ಒಳ್ಳೆಯದು, ಒಳಗೆ ಹಣವಿದೆಯೆಂದು ಊಹಿಸುವ ಕೈಗಳು ದಾರಿಯಲ್ಲಿರುತ್ತವೆ.

ತೀರಿಕೊಂಡ ಹವ್ಯಾಸಿಗಳ ಮನೆಯವರಿಗೂ ಒಂದು ಮಾತು. ಯಂತ್ರಗಳನ್ನು ಕೊಳ್ಳಲು ಜನ ಬರುತ್ತಾರೆ, ಕಾರ್ಡುಗಳು ಮಾತ್ರ ರದ್ದಿಗೆ ಹೋಗುತ್ತವೆ. ಹಾಗೆ ಮಾಡುವ ಮುನ್ನ ಹತ್ತಿರದ ಹವ್ಯಾಸಿ ಸಂಘಕ್ಕೆ ತಿಳಿಸಿ. ಹಳೆಯ ಕಾರ್ಡುಗಳನ್ನು ಕಾಪಿಡುವ ವಿಯೆನ್ನಾದ ಡಾಕ್ಯುಮೆಂಟೇಶನ್ಸ್‌ಆರ್ಕೈವ್ ಫುಂಕ್‌ನಂಥ ಸಂಸ್ಥೆಗಳೂ ಇವೆ. ಕಾರ್ಡುಗಳ ಜೊತೆಗೆ ಲಾಗ್‌ಬುಕ್ಕನ್ನೂ ಕೊಟ್ಟರೆ ಅವುಗಳನ್ನು ತಾಳೆ ನೋಡುವುದು ಸಾಧ್ಯವಾಗುತ್ತದೆ.

ಇಂತಿ,
ಒಬ್ಬ ಹವ್ಯಾಸಿ ರೇಡಿಯೊ ಓದುಗ