ಜೂನ್ 1ಕ್ಕೆ ಮೂವರಿಗೆ ಹದಿನೆಂಟು: ಒಂದು ದೇಣಿಗೆ ಮನವಿ

ಆತ್ಮೀಯರೇ,

ಹುಟ್ಟಿದ ದಿನ ಸರಿಯಾಗಿ ಗೊತ್ತಿಲ್ಲದವರಿಗೆ ನಮ್ಮ ಕಡೆ ಸಾಮಾನ್ಯವಾಗಿ ಜೂನ್ 1ನೇ ತಾರೀಖೇ ಹುಟ್ಟುಹಬ್ಬ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ನಿಮ್ಮ ಮನೆಯಲ್ಲೂ ಚಿಕ್ಕಪ್ಪನೋ ದೊಡ್ಡಪ್ಪನೋ ಜೂನ್ 1ರವರು ಒಬ್ಬರಾದರೂ ಇರುತ್ತಾರೆ, ಅಲ್ವಾ? ಅವರಿಗೆ ಇದರಿಂದ ಆಗುವುದೇನು? ರಿಟೈರ್ ಆಗುವ ದಿನ ಸ್ವಲ್ಪ ಹಿಂದೆಮುಂದೆ ಆಗಬಹುದು, ಅಷ್ಟೇ.

ಬಾಲಮಂದಿರದಲ್ಲಿ ಬೆಳೆದ ಹುಡುಗನಿಗೆ ಹಾಗಲ್ಲ. ಆ ತಾರೀಖಿಗೆ ಅವನಿಗೆ 18 ತುಂಬುತ್ತದೆ. 18 ತುಂಬಿದವನು ಕಾನೂನಿನ ಲೆಕ್ಕದಲ್ಲಿ ಮಗು ಅಲ್ಲ. ಮಗು ಅಲ್ಲದವನಿಗೆ ಬಾಲಮಂದಿರದಲ್ಲಿ ಹಾಸಿಗೆ ಇಲ್ಲ. ಅದೂ ಯಾವ ಹೊತ್ತಿನಲ್ಲಿ? ಪಿಯುಸಿ ರಿಸಲ್ಟ್ ಬಂದು, ಮುಂದೆ ಯಾವ ಕಾಲೇಜು ಅಂತ ಎಲ್ಲರ ಮನೆಯಲ್ಲೂ ಮಾತು ನಡೆಯುವ ಹೊತ್ತಿನಲ್ಲಿ. ಯಾರೋ ಅಂದಾಜಿಗೆ ಬರೆದ ಒಂದು ತಾರೀಖು ಅವನ ಬಟ್ಟೆಬರೆ ಕಟ್ಟಿಸುತ್ತದೆ.

ನಾವು ಮೈಸೂರಿನಲ್ಲಿ ಒಂದು ಸಣ್ಣ ಟ್ರಸ್ಟ್ ನಡೆಸುತ್ತೇವೆ. ಒಂದು ಬಾಡಿಗೆ ಮನೆ. ಅದರಲ್ಲಿ ಆರು ಜನ ಹುಡುಗರು. ಎಲ್ಲರೂ 18 ದಾಟಿದವರು, 22ರ ಒಳಗಿನವರು. ಇದು ಹಾಸ್ಟೆಲ್ ಅಲ್ಲ, ಬೋರ್ಡು ಹಾಕಿಲ್ಲ. ಬೀದಿಯವರಿಗೆ ಇದು ‘ಹುಡುಗರ ಮನೆ’. ಹಗಲು ಹೊತ್ತು ಒಬ್ಬರು ಅಕ್ಕ ಬಂದು ಮನೆ ಕಡೆ ನೋಡಿಕೊಳ್ಳುತ್ತಾರೆ. ಅಡುಗೆ ಮಾತ್ರ ಹುಡುಗರದ್ದೇ, ಸರದಿ ಪ್ರಕಾರ.

ಮೊದಲ ವಾರದ ಅಡುಗೆಯ ಕಥೆ ಹೇಳಬೇಕು. ಅವತ್ತು ಅನ್ನ ಮಾಡುವ ಸರದಿ ಬಂದಿದ್ದವನು ಬಾಲಮಂದಿರದ ಅಡುಗೆಮನೆಯಲ್ಲಿ ನಾಲ್ಕು ವರ್ಷ ಕೈಜೋಡಿಸಿದ್ದವನು. ಅಡುಗೆ ಬರುತ್ತೆ ಅಂತ ನಮಗೆಲ್ಲ ಧೈರ್ಯ. ಸಂಜೆ ಹೋಗಿ ನೋಡಿದರೆ ಕುಕ್ಕರ್ ತುಂಬಿ, ಎರಡು ಪಾತ್ರೆ ತುಂಬಿ, ಕೊನೆಗೆ ಬಕೆಟ್ಟಿಗೂ ಅನ್ನ ಬಂದಿತ್ತು! ಅವನು ತಪ್ಪು ಮಾಡಿರಲಿಲ್ಲ. ಅರವತ್ತು ಜನಕ್ಕೆ ಅಕ್ಕಿ ಅಳೆಯುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆರು ಜನಕ್ಕೆ ಎಷ್ಟು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ದಿನ ಚಿತ್ರಾನ್ನ, ಮೂರನೇ ದಿನ ಸಂಡಿಗೆ. ಈಗಲೂ ಆ ಮಾತು ಬಂದರೆ ಮನೆಯೆಲ್ಲ ನಗುತ್ತದೆ.

ನಗು ಬರದ ಸಂಗತಿಗಳೂ ಇವೆ. 19 ವರ್ಷದ ಹುಡುಗ, ಮೀಸೆ ಬಂದವನು, ಬಾಗಿಲ ಹತ್ತಿರ ನಿಂತು ‘ಸರ್, ಅಂಗಡಿಗೆ ಹೋಗಬಹುದಾ?’ ಅಂತ ಕೇಳುತ್ತಿದ್ದ. ಹೋಗಪ್ಪಾ, ಇದು ನಿನ್ನ ಮನೆ ಅಂದರೂ ಎರಡು ತಿಂಗಳು ಕೇಳುವುದು ಬಿಡಲಿಲ್ಲ. ಬೆಲ್ ಹೊಡೆದರೆ ಏಳುವುದು, ಬೆಲ್ ಹೊಡೆದರೆ ಊಟ. ಹತ್ತು ವರ್ಷ ಹಾಗೆ ಬೆಳೆದವನಿಗೆ ಒಂದು ದಿನ ಬೆಳಿಗ್ಗೆ ‘ಇನ್ನು ಮೇಲೆ ನೀನೇ ನೋಡಿಕೋ’ ಅಂದರೆ ಅವನು ನೋಡಿಕೊಳ್ಳುವುದಾದರೂ ಏನನ್ನು?

ಮನೆ ಹುಡುಕುವುದು ಇನ್ನೊಂದು ಪಾಡು. ಇವರಲ್ಲಿ ಕೆಲವರ ಆಧಾರ್ ಕಾರ್ಡಿನಲ್ಲಿ ಇರುವುದು ಬಾಲಮಂದಿರದ ವಿಳಾಸವೇ. ಒಬ್ಬ ಮಾಲೀಕರು ಕಾರ್ಡನ್ನು ಆಚೆ ಈಚೆ ತಿರುಗಿಸಿ ನೋಡಿದರು. ಹತ್ತು ನಿಮಿಷದ ಹಿಂದೆ ಖಾಲಿ ಇದ್ದ ಮನೆಗೆ ಇದ್ದಕ್ಕಿದ್ದಂತೆ ಅವರ ನೆಂಟರು ಬರುವವರಾಗಿಬಿಟ್ಟರು. ಅವರನ್ನು ಬೈದು ಪ್ರಯೋಜನವಿಲ್ಲ. ನಮ್ಮದೇ ಮನೆ ಆಗಿದ್ದರೆ ನಾವು ಏನು ಮಾಡುತ್ತಿದ್ದೆವು ಅಂತ ಒಂದು ಸಲ ಕೇಳಿಕೊಂಡರೆ ಸಾಕು.

ಸರ್ಕಾರ ಏನೂ ಮಾಡಿಲ್ಲ ಅನ್ನುವುದು ತಪ್ಪು. 2015ರ ಬಾಲನ್ಯಾಯ ಕಾಯ್ದೆಯಲ್ಲಿ 46ನೇ ಸೆಕ್ಷನ್ ಇರುವುದೇ ಇವರಿಗಾಗಿ. ಬಾಲಮಂದಿರದಂಥ ಸಂಸ್ಥೆ ಬಿಟ್ಟ ಮೇಲೆ 21 ವರ್ಷದವರೆಗೆ ಇವರಿಗೆ ನೆರವು ಕೊಡಲು ಅದರಲ್ಲಿ ದಾರಿ ಇದೆ. ವಿಶೇಷ ಕಾರಣ ಇದ್ದರೆ ಇನ್ನೂ ಎರಡು ವರ್ಷ ಕೊಡಬಹುದು ಅಂತ 2016ರ ಮಾದರಿ ನಿಯಮಗಳು ಹೇಳುತ್ತವೆ. ಆರೆಂಟು ಜನ ಒಂದು ಮನೆಯಲ್ಲಿ ಒಟ್ಟಿಗೆ ಇರುವ ವ್ಯವಸ್ಥೆಯೂ ಆ ನಿಯಮಗಳಲ್ಲೇ ಇದೆ. ನಮ್ಮ ಮನೆ ಅದೇ ಅಳತೆಯದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇಂಥವರಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

ಆದರೆ ಕಾಯ್ದೆಯಲ್ಲಿ ಇರುವ ಮಾತು ‘ಕೊಡಬಹುದು’ ಅಂತ. ‘ಕೊಡಲೇಬೇಕು’ ಅಂತ ಅಲ್ಲ. ಇವೆರಡರ ನಡುವೆ ಎಷ್ಟು ದೂರ ಇದೆ ಅನ್ನುವುದು ಫೈಲು ಹಿಡಿದು ಓಡಾಡಿದವರಿಗೆ ಗೊತ್ತು. ಮಂಜೂರಾಗಿ ಹಣ ಬಂದರೂ 4,000ದಲ್ಲಿ ಮೈಸೂರಿನಲ್ಲಿ ಬಾಡಿಗೆ, ಊಟ, ಬಸ್ಸು, ಫೀಸು ಎಲ್ಲ ಆಗುವುದಿಲ್ಲ.

ಇನ್ನೊಂದು ಗುಂಪಿದೆ. ಇವರ ಬಗ್ಗೆ ಮಾತಾಡುವವರು ಇನ್ನೂ ಕಡಿಮೆ. ಇವರು ಪೋಷಕತ್ವದಲ್ಲಿ ಬೆಳೆದ ಮಕ್ಕಳು. ಪೋಷಕತ್ವ ಅಂದರೆ ದತ್ತು ಅಲ್ಲ. ಮಕ್ಕಳ ಕಲ್ಯಾಣ ಸಮಿತಿ ಒಂದು ಕುಟುಂಬವನ್ನು ನೋಡಿ, ಒಪ್ಪಿ, ಮಗುವನ್ನು ಅಲ್ಲಿ ಬೆಳೆಯಲು ಬಿಡುತ್ತದೆ. ಆ ಕುಟುಂಬಕ್ಕೂ ತಿಂಗಳಿಗೆ 4,000 ರೂಪಾಯಿ ಕೊಡಲು ಅವಕಾಶ ಇದೆ, 18 ತುಂಬುವವರೆಗೆ. ಆಮೇಲೆ? ಕಾಯ್ದೆಯ ಅಕ್ಷರ ಹಿಡಿದು ಓದಿದರೆ 18ರ ನಂತರದ ನೆರವು ‘ಸಂಸ್ಥೆಯಿಂದ ಹೊರಬಂದವರಿಗೆ’. ಮನೆಯಲ್ಲಿ ಬೆಳೆದವಳು ಯಾವ ಸಂಸ್ಥೆಯಿಂದ ಹೊರಬಂದಾಳು? ಸಂಸ್ಥೆಗಿಂತ ಮನೆ ಮೇಲು ಅಂತ ನಾವೇ ಹೇಳಿ ಮನೆಗೆ ಕಳಿಸಿದ್ದು. ಆ ಮಾತು ಕೇಳಿದವರಿಗೇ ಈಗ ಕೈ ಖಾಲಿ.

ನಮಗೆ ಗೊತ್ತಿರುವ ಒಬ್ಬರು ಅಮ್ಮ ಹೂವು ಕಟ್ಟಿ ಮಾರುತ್ತಾರೆ. 11 ವರ್ಷದ ಹುಡುಗಿಯನ್ನು ಮನೆಗೆ ಕರೆದುಕೊಂಡವರು. ಈಗ ಅವಳಿಗೆ 19, ಡಿಪ್ಲೊಮಾ ಎರಡನೇ ವರ್ಷ. ತಿಂಗಳ ಹಣ ನಿಂತ ಮೇಲೆ ಅವರು ನಮ್ಮಲ್ಲಿಗೆ ಬಂದು ಕೂತು ಕೇಳಿದ್ದು ಒಂದೇ ಮಾತು. ‘ಹದಿನೆಂಟಾದ ತಕ್ಷಣ ಹೊಟ್ಟೆ ಚಿಕ್ಕದಾಗುತ್ತಾ ಸ್ವಾಮಿ?’

ಹುಡುಗಿಯನ್ನು ಕಳಿಸಿಬಿಡುತ್ತೇನೆ ಅಂತ ಅವರು ಹೇಳಲು ಬಂದಿರಲಿಲ್ಲ. ಹೇಗಾದರೂ ಇಟ್ಟುಕೊಳ್ಳಬೇಕು, ಏನಾದರೂ ದಾರಿ ಹೇಳಿ ಅಂತ ಕೇಳಲು ಬಂದಿದ್ದರು. ಇಂಗ್ಲೆಂಡಿನಲ್ಲಿ 2014ರಲ್ಲಿ ಒಂದು ಕಾನೂನು ಮಾಡಿದರು. ಹೀಗೆ ಸಾಕಿದ ಕುಟುಂಬಕ್ಕೂ ಅಲ್ಲಿ ಬೆಳೆದ ಹುಡುಗ ಹುಡುಗಿಯರಿಗೂ ಮನಸ್ಸಿದ್ದರೆ 21 ವರ್ಷದವರೆಗೆ ಅದೇ ಮನೆಯಲ್ಲಿ ಇರಬಹುದು, ಅದಕ್ಕೆ ಸ್ಥಳೀಯ ಆಡಳಿತ ನೆರವಾಗಬೇಕು. ನಮ್ಮಲ್ಲಿ ಹಾಗೆ ಆಗುವವರೆಗೆ ಕಾಯುತ್ತಾ ಕೂತರೆ ಈ ಹುಡುಗಿಯ ಡಿಪ್ಲೊಮಾ ಮುಗಿಯುವುದಿಲ್ಲ. ಈಗ ಆ ಮನೆಗೆ ತಿಂಗಳಿಗೆ 4,000 ನಮ್ಮ ಟ್ರಸ್ಟಿನಿಂದ ಹೋಗುತ್ತಿದೆ. ಅಂಥವೇ ಇನ್ನು ಮೂರು ಮನೆಗಳಿಗೂ ಕೊಡಬೇಕಾಗಿದೆ.

ಹುಡುಗಿಯರಿಗಾಗಿಯೇ ಒಂದು ಮನೆ ಬೇಕು ಅಂತ ನಮಗೆ ಗಟ್ಟಿಯಾಗಿ ಅನ್ನಿಸಿದ್ದು ಕಳೆದ ದಸರಾ ಸಮಯದಲ್ಲಿ. ಕಾಲೇಜು ಹಾಸ್ಟೆಲ್ಲಿನಲ್ಲಿದ್ದ ಒಬ್ಬಳು ಹುಡುಗಿ. ರಜೆಗೆ ಮೆಸ್ ಮುಚ್ಚಿತು, ರೂಮುಗಳಿಗೆ ಬೀಗ ಬಿತ್ತು. ಗೆಳತಿಯರಿಗೆ ‘ನಾನೂ ಊರಿಗೆ ಹೋಗ್ತಿದ್ದೀನಿ’ ಅಂತ ಹೇಳಿ ಬ್ಯಾಗ್ ಹಿಡಿದು ಸಬರ್ಬನ್ ಬಸ್ ಸ್ಟ್ಯಾಂಡಿಗೆ ಬಂದಳು. ಬಸ್ಸುಗಳು ತುಂಬಿ ತುಂಬಿ ಹೋಗುತ್ತಿದ್ದವು. ಶಕ್ತಿ ಯೋಜನೆ ಇದೆ, ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡು ಬೇಡ. ಅವಳಿಗೆ ಬೇಕಾಗಿದ್ದದ್ದು ಹೋಗುವುದಕ್ಕೆ ಒಂದು ಊರು. ಊರೆಲ್ಲ ದೀಪ ಹತ್ತಿಕೊಂಡ ಮೇಲೆ, ರಾತ್ರಿ ಎಂಟೂವರೆಗೆ ನಮಗೆ ಫೋನ್ ಬಂತು. ಆ ಹತ್ತು ದಿನ ಅವಳು ನಮ್ಮ ಟ್ರಸ್ಟಿಯೊಬ್ಬರ ಮನೆಯಲ್ಲಿ ಇದ್ದಳು. ಪ್ರತಿ ರಜೆಗೂ ಹೀಗೆ ಯಾರದೋ ಮನೆ ಹುಡುಕುತ್ತಾ ಹೋಗುವುದು ಸರಿಯಲ್ಲ.

ಈ ಮಕ್ಕಳ ಹೆಸರು, ಫೋಟೊ ಯಾಕೆ ಹಾಕಿಲ್ಲ ಅಂತ ಕೆಲವರು ಕೇಳುತ್ತಾರೆ. ಬಾಲಮಂದಿರದ ಮಕ್ಕಳ ಗುರುತು ಬಹಿರಂಗ ಮಾಡಬಾರದು ಅಂತ ಕಾನೂನೇ ಇದೆ. 18 ಆದವರಿಗೆ ಆ ಕಾನೂನು ಅನ್ವಯಿಸಲಿ ಬಿಡಲಿ, ನಾಳೆ ಕೆಲಸಕ್ಕೆ ಸೇರುವ ಹುಡುಗನ ಮುಖವನ್ನು ದೇಣಿಗೆಯ ಪೋಸ್ಟರಿನಲ್ಲಿ ಹಾಕುವುದು ನಮಗೆ ಸರಿ ಕಾಣುವುದಿಲ್ಲ. ‘ಅನಾಥ’ ಅನ್ನುವ ಪದವನ್ನೂ ನಾವು ಬಳಸುವುದಿಲ್ಲ. ನಮ್ಮ ಮನೆಯಲ್ಲೇ ಇಬ್ಬರಿಗೆ ಅಮ್ಮ ಇದ್ದಾರೆ. ಸಾಕುವ ಶಕ್ತಿ ಅವರಿಗೆ ಇರಲಿಲ್ಲ, ಅಷ್ಟೇ.

ಈಗ ಲೆಕ್ಕ. ಆರು ಜನರ ಮನೆಗೆ ತಿಂಗಳಿಗೆ ಸುಮಾರು 54,000 ರೂಪಾಯಿ ಬೇಕು. ಬಾಡಿಗೆ 15,000. ದಿನಸಿ, ತರಕಾರಿ, ಹಾಲು, ಗ್ಯಾಸ್ ಸೇರಿ 21,000. ಕರೆಂಟು ನೀರಿಗೆ 2,000. ಅಕ್ಕನಿಗೆ 6,000, ಇದು ಕಡಿಮೆ ಅಂತ ನಮಗೆ ಗೊತ್ತು, ಅವರಿಗೂ ಗೊತ್ತು. ಉಳಿದ 10,000 ಫೀಸು, ಪುಸ್ತಕ, ಬಸ್ಸಿಗೆ. ಅಂದರೆ ಒಬ್ಬನಿಗೆ 9,000. ಸರ್ಕಾರದ 4,000 ಬಂದರೆ ಕಡಿಮೆ ಬೀಳುವುದು 5,000. ವರ್ಷಕ್ಕೆ ಆರು ಜನಕ್ಕೆ 3,60,000. ನಾಲ್ಕು ಪೋಷಕ ಕುಟುಂಬಗಳಿಗೆ 1,92,000. ಹುಡುಗಿಯರ ಮನೆಯ ಅಡ್ವಾನ್ಸಿಗೆ 1,50,000. ಒಟ್ಟು 7,02,000 ರೂಪಾಯಿ. ನಾವು ಕೇಳುತ್ತಿರುವುದು ಇಷ್ಟು.

ತಿಂಗಳಿಗೆ 5,000 ಕೊಟ್ಟರೆ ಒಬ್ಬ ಹುಡುಗನ ಭಾರ ಪೂರ್ತಿ ನಿಮ್ಮದಾಗುತ್ತದೆ. ತಿಂಗಳಿಗೆ 500 ಕೊಡುವವರು ಹತ್ತು ಜನ ಸೇರಿದರೂ ಅದೇ ಲೆಕ್ಕ. ನಿಜ ಹೇಳಬೇಕು ಅಂದರೆ ನಮಗೆ ಎರಡನೆಯದೇ ಜಾಸ್ತಿ ಇಷ್ಟ. ಒಬ್ಬರಿಗೆ ಕಷ್ಟ ಬಂದು ನಿಲ್ಲಿಸಿದರೂ ಹುಡುಗನ ಊಟ ನಿಲ್ಲುವುದಿಲ್ಲ. ಖಾತೆಯ ವಿವರವನ್ನು ಈ ಮನವಿಯ ಜೊತೆಗೇ ಕಳಿಸಿದ್ದೇವೆ. ಎಲ್ಲದಕ್ಕೂ ರಶೀದಿ ಕೊಡುತ್ತೇವೆ. ತೆರಿಗೆ ವಿನಾಯಿತಿ ಬೇಕಾದವರು 2,000ಕ್ಕಿಂತ ಜಾಸ್ತಿ ನಗದು ಕೊಡಬೇಡಿ, ಬ್ಯಾಂಕಿನ ಮೂಲಕವೇ ಕಳಿಸಿ. ಹೊರದೇಶದಲ್ಲಿರುವ ನಮ್ಮವರಿಗೆ ಒಂದು ಮಾತು: ವಿದೇಶಿ ದೇಣಿಗೆ ಪಡೆಯುವ ಎಫ್‌ಸಿಆರ್‌ಎ ನೋಂದಣಿ ನಮಗಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಂದ ಮಾತ್ರ ತೆಗೆದುಕೊಳ್ಳಬಹುದು. ಬೇರೆ ದೇಶದ ಪೌರರಾಗಿ ಒಸಿಐ ಕಾರ್ಡ್ ಪಡೆದವರು ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ದುಡ್ಡಲ್ಲದೆ ಬೇರೆಯದೂ ಬೇಕು. ಚೆನ್ನಾಗಿ ನಡೆಯುವ ಹಳೇ ಲ್ಯಾಪ್‌ಟಾಪ್, ಸೈಕಲ್, ಮಿಕ್ಸಿ ಇದ್ದರೆ ಕೊಡಿ. ಹಳೇ ಬಟ್ಟೆ ಬೇಡ. ಹೆಬ್ಬಾಳ, ಹೂಟಗಳ್ಳಿ ಕಡೆ ಕಾರ್ಖಾನೆ ಇರುವವರು ಐಟಿಐ ಮುಗಿಸಿದ ಇಬ್ಬರಿಗೆ ಅಪ್ರೆಂಟಿಸ್ ಅವಕಾಶ ಕೊಟ್ಟರೆ ಅದು ದೊಡ್ಡ ದೇಣಿಗೆ. ಕಾಲೇಜಿನವರು ‘ಪೋಷಕರನ್ನು ಕರೆದುಕೊಂಡು ಬಾ’ ಅಂದಾಗ ಜೊತೆಗೆ ಹೋಗಿ ಕೂರುವವರು ಬೇಕು. ನಮ್ಮ ಟ್ರಸ್ಟಿಗಳು ಮೂರೇ ಜನ, ಎಲ್ಲರಿಗೂ ಮಂಡಿ ನೋವು.

ಮಕ್ಕಳ ಹುಟ್ಟುಹಬ್ಬಕ್ಕೆ ಬಾಲಮಂದಿರಕ್ಕೆ ಹೋಗಿ ಸಿಹಿ ಹಂಚುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಒಳ್ಳೆಯದೇ, ಅದನ್ನು ಬಿಡಬೇಡಿ. ಆದರೆ ನೀವು ಮೈಸೂರು ಪಾಕ್ ಕೊಟ್ಟ ಪುಟ್ಟ ಹುಡುಗನಿಗೆ ಈಗ ಮೀಸೆ ಬಂದಿರುತ್ತದೆ. ಮೀಸೆ ಬಂದವನನ್ನು ಹುಡುಕಿಕೊಂಡು ಯಾರೂ ಹೋಗುವುದಿಲ್ಲ.

ಈ ಜೂನ್ 1ಕ್ಕೆ ಇನ್ನೂ ಮೂವರಿಗೆ 18 ತುಂಬುತ್ತದೆ. ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಅವರನ್ನು ಕಂಡು ಮಾತಾಡಿ ಬಂದಿದ್ದೇವೆ. ಹುಡುಗನಿಗೆ ನಡುಮನೆಯಲ್ಲಿ ಒಂದು ಮಂಚ ಹಾಕಬಹುದು. ಹುಡುಗಿಯರಿಗೆ ಇನ್ನೂ ಏನೂ ಹೇಳಿಲ್ಲ.

ಕೊಡುವ ಮುಂಚೆ ಮನೆ ನೋಡಬೇಕು ಅನ್ನುವವರು ಖಂಡಿತ ಬನ್ನಿ. ಭಾನುವಾರ ಎಲ್ಲರೂ ಇರುತ್ತಾರೆ, ಊಟಕ್ಕೇ ಬನ್ನಿ. ಹಿಂದಿನ ದಿನ ಒಂದು ಫೋನ್ ಮಾಡಿ. ಅಕ್ಕಿ ಎಷ್ಟು ಹಾಕಬೇಕು ಅಂತ ಹುಡುಗರಿಗೆ ಗೊತ್ತಾಗಬೇಕಲ್ಲ.

ಇಂತಿ,
ಟ್ರಸ್ಟಿನ ಪರವಾಗಿ, ಕಾರ್ಯದರ್ಶಿ