ಲೆಕ್ಕದಿಂದ ಬಿಟ್ಟ ಆ ಒಂದು ಹಂದಿ

ಚಿ. ಸುಮಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರದ ಕೊನೆಯಲ್ಲಿ ಅವಸರದಿಂದ ಬರೆದಿರುವ ಒಂದು ಸಾಲು ಎರಡು ದಿನಗಳಿಂದ ನನ್ನನ್ನು ಬಿಟ್ಟಿಲ್ಲ. ನಮ್ಮ ಪ್ರಯೋಗದ ಒಂದು ಹಂದಿಗೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್‌ಗಳ ಒಣಗಿಸಿದ ಪುಡಿಯನ್ನು ಕದಡಿ ಕೊಟ್ಟ ಮೇಲೆ ಯಕೃತ್ತಿನ ಗಾಯದಿಂದ ಹರಿಯುತ್ತಿದ್ದ ರಕ್ತ ನಿಂತಿತು, ಆದರೂ ಆ ಹಂದಿ ಒಂದು ಗಂಟೆಯೊಳಗೆ ಸತ್ತಿತು, ಅದನ್ನು ಅರಿವಳಿಕೆಯ ಸಾವೆಂದು ಬರೆದು ಲೆಕ್ಕದಿಂದ ಬಿಡೋಣವೆಂದು ಹಿರಿಯರು ಹೇಳುತ್ತಿದ್ದಾರೆ, ನನಗೇಕೋ ಭಯ ಎಂದಿದ್ದೀಯೆ. ಅದರ ಶ್ವಾಸಕೋಶವನ್ನು ಕೊಯ್ದು ನೋಡಿದಿರೋ ಇಲ್ಲವೋ ಎಂಬ ಮಾತು ಮಾತ್ರ ಪತ್ರದಲ್ಲಿ ಎಲ್ಲಿಯೂ ಇಲ್ಲ.

ಆ ಪುಡಿಯ ಗುಣವೂ ದೋಷವೂ ಒಂದೇ ಕಡೆ ಇವೆ ಎಂಬುದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. 20ರಿಂದ 24 ಡಿಗ್ರಿಯಲ್ಲಿ ಸದಾ ತೂಗಾಡಿಸುತ್ತಾ 5ರಿಂದ 7 ದಿನ ಮಾತ್ರ ಕಾಪಾಡಬಲ್ಲ ಜೀವಕಣವನ್ನು ಟ್ರೆಹಲೋಸ್ ಸಕ್ಕರೆಯ ಆಸರೆಯಲ್ಲಿ ಒಣಗಿಸಿದರೆ ಅದು ವರ್ಷಗಟ್ಟಲೆ ಉಳಿಯುತ್ತದೆ; ಆದರೆ ಆರೋಗ್ಯವಂತ ಪ್ಲೇಟ್‌ಲೆಟ್ ತನ್ನ ಪೊರೆಯ ಒಳಮೈಯಲ್ಲಿ ಅಡಗಿಸಿಟ್ಟುಕೊಳ್ಳುವ, ಹೆಪ್ಪುಗಟ್ಟುವಿಕೆಗೆ ನೆಲೆಯಾಗುವ ಕೊಬ್ಬಿನ ಅಣುವಾದ ಫಾಸ್ಫಾಟಿಡಿಲ್‌ಸೆರಿನ್ ಇದರಲ್ಲಿ ಹೊರಮೈಗೆ ಬಂದಿರುತ್ತದೆ. ರಕ್ತವನ್ನು ಹೆಪ್ಪುಗಟ್ಟಿಸುವ ಕಿಣ್ವವಾದ ಥ್ರಾಂಬಿನ್ ಬೇಗ ಹುಟ್ಟುವುದೂ, ಹೆಪ್ಪು ಬೇಗ ಕಟ್ಟುವುದೂ ಅದರಿಂದಲೇ. ಗಾಯದ ಬಾಯಲ್ಲಿ ಕಟ್ಟಿದ್ದು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿಯೂ ಕಟ್ಟಿರಲಿಲ್ಲವೆಂದು ಯಾರು ಹೇಳಬಲ್ಲರು? ಆ ಸಾವು ಅರಿವಳಿಕೆಯದೇ ಇದ್ದೀತು. ಇಲ್ಲದೆಯೂ ಇದ್ದೀತು.

ನಾನು ಇಷ್ಟು ಕಳವಳಪಡಲು ಕಾರಣ ನನ್ನ ಒಂದು ಮೊಲ. ಪ್ಯಾರಾಫಾರ್ಮಾಲ್ಡಿಹೈಡ್ ಎಂಬ ಸಂರಕ್ಷಕದಿಂದ ಸ್ಥಿರಗೊಳಿಸಿ ಒಣಗಿಸಿದ ಪ್ಲೇಟ್‌ಲೆಟ್‌ಗಳೂ ಪ್ರಾಣಿಗಳಲ್ಲಿ ರಕ್ತ ನಿಲ್ಲಿಸುತ್ತವೆ ಎಂಬ ವರದಿ 1995ರಲ್ಲಿ ಬಂದಾಗ ನಾವೆಲ್ಲ ಉತ್ಸಾಹದಲ್ಲಿದ್ದೆವು. ಪ್ಲೇಟ್‌ಲೆಟ್ ಎಣಿಕೆ ಇಳಿಸಿದ ಮೊಲಗಳ ಕಿವಿಯಲ್ಲಿ ಸಣ್ಣ ಗಾಯ ಮಾಡಿ, ರಕ್ತ ನಿಲ್ಲಲು ಎಷ್ಟು ನಿಮಿಷ ಬೇಕೆಂದು ಅಳೆಯುತ್ತಿದ್ದೆವು. ಒಂದು ಮೊಲದ ಕಿವಿ ಎಲ್ಲಕ್ಕಿಂತ ಬೇಗ ಒಣಗಿತು, ಸಂಜೆಗೆ ಮೊಲ ಸತ್ತಿತು. ಮನುಷ್ಯರ ಕಣಗಳನ್ನು ಮೊಲದ ದೇಹ ಕೂಡಲೇ ನುಂಗಿಬಿಡದಂತೆ ಅದರ ಭಕ್ಷಕ ಕೋಶಗಳನ್ನು ಈಥೈಲ್ ಪಾಮಿಟೇಟ್‌ನಿಂದ ತಡೆದಿದ್ದೆವಾದ್ದರಿಂದ, ದೋಷವನ್ನು ಆ ರಾಸಾಯನಿಕದ ಮೇಲೆ ಹೊರಿಸುವುದು ಸುಲಭವಾಯಿತು. ಕೊಯ್ಯದೆಯೇ ಅದನ್ನು ಸುಟ್ಟೆವು, ಪಟ್ಟಿಯಿಂದ ಅದರ ಸಂಖ್ಯೆಯನ್ನು ನಾನೇ ನನ್ನ ಕೈಯಾರೆ ಹೊಡೆದುಹಾಕಿದೆ. ಆ ಎದೆಯೊಳಗೆ ಏನಿತ್ತೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ನಿಮ್ಮದು ಹಂದಿಯದೇ ಕಣಗಳಾಗಿದ್ದರೆ ನಮಗೆ ಸಿಕ್ಕ ಆ ನೆಪವೂ ನಿಮಗಿಲ್ಲ.

ಉಪದೇಶ ಮಾಡುವ ಅರ್ಹತೆ ನನಗೆಷ್ಟಿದೆಯೋ ಕಾಣೆ. ಆದರೂ, ಅರಿವಳಿಕೆಯ ದಾಖಲೆಯನ್ನು ಇನ್ನೊಮ್ಮೆ ತೆರೆದು, ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಪ್ರಮಾಣ ಸಾವಿಗೆ ಮುಂಚೆ ಇದ್ದಕ್ಕಿದ್ದಂತೆ ಕುಸಿದಿತ್ತೇ ಎಂದು ನೋಡು; ಶ್ವಾಸಕೋಶದ ರಕ್ತನಾಳಗಳು ಕಟ್ಟಿಕೊಂಡಾಗ ಅದು ಹಾಗೆ ಕುಸಿಯುತ್ತದೆ. ಬಹಳ ರಕ್ತ ಹೋದಾಗಲೂ ಅದು ಇಳಿಯುತ್ತದಾದ್ದರಿಂದ ಅದೊಂದೇ ಪುರಾವೆಯಲ್ಲ. ಯಾವ ಪ್ರಾಣಿಯನ್ನು ಯಾವ ಕಾರಣಕ್ಕೆ ಬಿಡಬಹುದೆಂದು ಪ್ರಯೋಗಕ್ಕೆ ಮೊದಲೇ ಬರೆದಿಟ್ಟಿದ್ದೀರಾ? ಇಲ್ಲವಾದರೆ ಬಿಡುವ ಹಕ್ಕು ಹಿರಿಯರಿಗೂ ಇಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ, ಅದನ್ನು ಅವರೆದುರು ಹೇಳುವುದು ಎಷ್ಟು ಕಷ್ಟವೆಂಬುದನ್ನೂ ನಾನು ಬಲ್ಲೆ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಪ್ರಯೋಗಕ್ಕೆ ಬಳಸುವ ಪ್ರಾಣಿಗಳ ಸಂಖ್ಯೆ ಕಡಿಮೆ ಮಾಡಿರೆಂದು ಹೇಳಿದ್ದನ್ನು ನಾವೆಲ್ಲ ಪಾಲಿಸುತ್ತಿದ್ದೇವೆ; ಆದರೆ ಇರುವ ಎಂಟು ಹತ್ತರಲ್ಲಿ ಒಂದನ್ನು ಬಿಟ್ಟರೆ ಉತ್ತರವೇ ಮಗುಚಬಹುದು. ಔಷಧ ಸಿಗದ ಗುಂಪಿನ ಶ್ವಾಸಕೋಶಗಳನ್ನೂ, ಯಾವುದು ಯಾವ ಗುಂಪಿನದೆಂದು ತಿಳಿಯದ ಒಬ್ಬ ರೋಗಶಾಸ್ತ್ರಜ್ಞರ ಕೈಯಲ್ಲಿ ಸೂಕ್ಷ್ಮದರ್ಶಕದಡಿ ನೋಡಿಸಿದರೆ ಒಳ್ಳೆಯದು, ಇದು ನಿನಗೆ ತಿಳಿಯದ ವಿಷಯವೇನಲ್ಲ.

ಆ ಹಂದಿಯ ಶ್ವಾಸಕೋಶದ ತುಂಡುಗಳು ಫಾರ್ಮಲಿನ್‌ನಲ್ಲಿ ಉಳಿದಿವೆಯೇ ಎಂಬುದೊಂದನ್ನು ಮರುಟಪಾಲಿಗೆ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ